ಹೆಸರಿನ ಮುಂದಿನ ‘ಲೇಡಿ’

ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಹುಡುಗರ ಕಬಡ್ಡಿ ತಂಡಕ್ಕೆ ‘ಟೈಗರ್ಸ್’ ಎಂಬ ಹೆಸರಿತ್ತು. ಅದನ್ನು ಯಾರು ಯಾವಾಗ ಇಟ್ಟರೋ ನನಗೆ ಗೊತ್ತಿಲ್ಲ. ನಾನು ಬಿ.ಎ.ಗೆ ಸೇರುವ ಹೊತ್ತಿಗಾಗಲೇ ಊರಿನವರ ಬಾಯಲ್ಲಿ ಅದು ‘ಹುಲಿಗಳು’ ಆಗಿತ್ತು. ಅವರು ಎಲ್ಲಾದರೂ ಗೆದ್ದು ಬಂದರೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಏಳುತ್ತಿತ್ತು. ಅದರಲ್ಲಿ ಏಳು ಜನ ಹುಡುಗರು ತೊಡೆ ತಟ್ಟುವ ಭಂಗಿಯಲ್ಲಿ ನಿಂತಿರುತ್ತಿದ್ದರು, ಅವರ ಹಿಂದೆ ಬಾಯಿ ತೆರೆದ ಹುಲಿಯ ಮುಖ. ಹುಡುಗಿಯರ ತಂಡವೂ ಒಂದಿತ್ತು. ಅದಕ್ಕೆ ಹೆಸರಿರಲಿಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರನ್ನು ನಾವೆಲ್ಲ ಪಿ.ಡಿ. ಸರ್ ಎನ್ನುತ್ತಿದ್ದೆವು. ಅವರು ನಮ್ಮನ್ನು ಕರೆಯಬೇಕಾದಾಗ ವರಾಂಡದಲ್ಲಿ ನಿಂತು, ಲೇಡೀಸ್ ಎಲ್ಲಾ ಬಂದಿದ್ದಾರಾ ಎಂದು ಯಾರನ್ನಾದರೂ ಕೇಳುತ್ತಿದ್ದರು. ಅದು ನಾವೇ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ನಾನು ಕೊಳಾಲದ ಹತ್ತಿರದ ಹಳ್ಳಿಯವಳು. ಅಪ್ಪ ಊರಿನಲ್ಲಿ ಹಿಟ್ಟಿನ ಮಿಷನ್ ನಡೆಸುತ್ತಿದ್ದರು. ಬೆಳಗ್ಗೆ ಒಂದು ಬಸ್ಸಿನಲ್ಲಿ ಕೊರಟಗೆರೆಗೆ ಬಂದು, ಅಲ್ಲಿ ಇನ್ನೊಂದು ಹಿಡಿದು ಮಧುಗಿರಿಗೆ ಹೋಗುತ್ತಿದ್ದೆ. ಎತ್ತರ ಇದ್ದೆ, ಕೈ ಗಟ್ಟಿ ಇತ್ತು, ಅಷ್ಟಕ್ಕೇ ಪಿ.ಡಿ. ಸರ್ ನನ್ನನ್ನು ತಂಡಕ್ಕೆ ಸೇರಿಸಿಕೊಂಡರು. ನನ್ನ ಜಾಗ ಮೂಲೆಯಲ್ಲಿ. ಎದುರು ತಂಡದವಳು ಉಸಿರು ಹಿಡಿದು ನುಗ್ಗಿ ಬಂದಾಗ ಮೂಲೆಯವಳು ಬಿದ್ದು ಅವಳ ಕಾಲು ಹಿಡಿಯಬೇಕು. ಹೆಚ್ಚು ಹೊತ್ತು ಬಗ್ಗಿ ನಿಂತು ನೋಡುತ್ತಿರುವುದೇ ಕೆಲಸ. ನನಗೆ ಅದು ಒಗ್ಗಿತು.

ನಮ್ಮ ಅಭ್ಯಾಸ ಮಧ್ಯಾಹ್ನ ಊಟದ ಬಿಡುವಿನಲ್ಲಿ. ಸಂಜೆಯ ಹೊತ್ತು ಹುಡುಗರದು. ಹುಡುಗಿಯರಿಗೆ ಬಸ್ಸಿರುತ್ತದೆ, ಸಂಜೆ ನಿಲ್ಲಲು ಆಗುವುದಿಲ್ಲ ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ನನ್ನ ಮಟ್ಟಿಗೆ ಅದು ನಿಜವೂ ಆಗಿತ್ತು. ಆದರೆ ಹಾಸ್ಟೆಲಿನಲ್ಲಿ ಇದ್ದವರನ್ನೂ ಊರಿನಲ್ಲೇ ಮನೆಯಿದ್ದವರನ್ನೂ ಯಾರೂ ಕೇಳಿರಲಿಲ್ಲ. ಬಿಸಿಲಿಗೆ ಅಂಕಣದ ಮಣ್ಣು ಕಾದಿರುತ್ತಿತ್ತು. ಬರಿಗಾಲಲ್ಲಿ ಒಂದೇ ಕಡೆ ನಿಲ್ಲಲಾಗದೆ ಕಾಲು ಬದಲಿಸುತ್ತ ನಿಲ್ಲುತ್ತಿದ್ದೆವು. ಬೆವರಿದ ಬಟ್ಟೆಯಲ್ಲೇ ಮಧ್ಯಾಹ್ನದ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆವು.

ಎರಡನೆಯ ವರ್ಷದಲ್ಲಿ ಪಾವಗಡದ ಕಡೆಯಿಂದ ಒಬ್ಬಳು ಬಂದು ಸೇರಿದಳು. ಗಡಿಯ ಹಳ್ಳಿಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ಅಣ್ಣಂದಿರ ಜೊತೆ ಹೊಲದಲ್ಲಿ ಆಡಿ ಕಲಿತ ಆಟ ಅವಳದು. ಗಿಡ್ಡಕ್ಕಿದ್ದಳು. ರೈಡಿಗೆ ಹೋದರೆ ಎದುರಿನವರ ತೋಳಿನ ಕೆಳಗೆ ನುಸುಳಿ ಗೆರೆ ಮುಟ್ಟಿಬಿಡುತ್ತಿದ್ದಳು. ಒಂದು ತಿಂಗಳೊಳಗೆ ಅವಳೇ ಕ್ಯಾಪ್ಟನ್ ಆದಳು. ಅವಳು ಬಂದ ಮೇಲೆ ನಾವು ನಿಜಕ್ಕೂ ಗೆಲ್ಲಬಹುದಾದ ತಂಡವಾದೆವು. ಇದನ್ನು ಗಮನಿಸಿದವರಲ್ಲಿ ಪಿ.ಡಿ. ಸರ್ ಮೊದಲಿಗರು. ಅವರೇ ಓಡಾಡಿ, ಊರಿನ ಅಂಗಡಿಯವರೊಬ್ಬರನ್ನು ಒಪ್ಪಿಸಿ, ನಮಗೆ ಜೆರ್ಸಿ ಮಾಡಿಸಿದರು.

ಜೆರ್ಸಿ ಬಂದ ದಿನ ನಮಗೆಲ್ಲ ಆದ ಸಂತೋಷವನ್ನು ಈಗ ಸಣ್ಣದು ಮಾಡಿ ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿಯವರೆಗೆ ನಾವು ಹುಡುಗರ ಹಳೆಯ ಅಂಗಿಗಳನ್ನು ಹಾಕಿಕೊಂಡು ಆಡಿದವರು. ಇವು ಹೊಸವು, ನಮ್ಮ ಅಳತೆಯವು. ಗುಲಾಬಿ ಬಣ್ಣ. ಎದೆಯ ಮೇಲೆ ಇಂಗ್ಲಿಷಿನಲ್ಲಿ ‘ಲೇಡಿ’ ಎಂದು ಬಳ್ಳಿಯಂತೆ ಸುತ್ತಿಕೊಂಡ ಅಕ್ಷರ, ಅದರ ಕೆಳಗೆ ದಪ್ಪಗೆ ‘ಟೈಗರ್ಸ್’. ಪಕ್ಕದಲ್ಲಿ ಒಂದು ಹುಲಿ. ಹುಡುಗರ ಅಂಗಿಯ ಮೇಲಿದ್ದ ಹುಲಿಯೇ ಅದು, ಬಾಯಿ ಮಾತ್ರ ಮುಚ್ಚಿತ್ತು, ಕಣ್ಣಿಗೆ ರೆಪ್ಪೆ ಬರೆದಿದ್ದರು. ನಾನು ಅದನ್ನು ಮನೆಗೆ ತಂದು ಅಮ್ಮನಿಗೆ ತೋರಿಸಿದೆ. ಅಮ್ಮ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಬೆವರು ಹೀರುವುದಿಲ್ಲ ಎಂದರು. ಮಾರನೆಯ ದಿನ ಅದನ್ನು ಬ್ಯಾಗಿಗೆ ತುಂಬುವಾಗ, “ಬಸ್ಸಲ್ಲಿ ಇದ್ನ ಹಾಕ್ಕೊಂಡ್ ಬರ್ಬ್ಯಾಡ ಕಣಮ್ಮ, ಮ್ಯಾಲೊಂದ್ ವೇಲ್ ಹೊದ್ಕೊ” ಎಂದು ಹೇಳಿ ಒಂದು ವೇಲನ್ನೂ ಮಡಿಸಿ ಇಟ್ಟರು.

ಆ ಅಂಗಿ ತೊಟ್ಟು ಮೊದಲು ಆಡಿದ್ದು ಸಿರಾದಲ್ಲಿ. ಸುತ್ತಲಿನ ಕಾಲೇಜುಗಳೆಲ್ಲ ಬಂದಿದ್ದವು. ಬೆಳಗ್ಗೆ ಹುಡುಗರ ಪಂದ್ಯಗಳು ನಡೆದವು. ಮೈಕಿನ ಮುಂದೆ ಕುಳಿತಿದ್ದವರಿಗೆ ಆಟ ಚೆನ್ನಾಗಿ ಗೊತ್ತಿತ್ತು. ಯಾರು ರೈಡಿಗೆ ಹೊರಟರು, ಯಾರು ಎಲ್ಲಿ ಹಿಡಿದರು, ಬೋನಸ್ ಬಂತೋ ಇಲ್ಲವೋ, ಎಲ್ಲವನ್ನೂ ಬಿಡದೆ ಹೇಳಿದರು. ಮಧ್ಯಾಹ್ನ ನಾವು ಇಳಿದಾಗ ಅದೇ ಮನುಷ್ಯ ಬೇರೆಯವರಾದರು. ನಮ್ಮ ಹೆಸರು ಓದಿ, ಲೇಡಿ ಟೈಗರ್ಸ್ ಬಂದಿದ್ದಾರೆ, ಬಳೆ ಜೋಪಾನ ಎಂದರು. ಕಾಂಪೌಂಡಿನ ಮೇಲೆ ಸಾಲಾಗಿ ಕುಳಿತಿದ್ದ ಹುಡುಗರು ನಕ್ಕರು. ಅಲ್ಲಿಂದ ಮುಂದೆ ಪ್ರತಿ ರೈಡಿಗೂ ಒಂದು ಮಾತು. ಅಡುಗೆ ಮುಗಿಸಿ ಬಂದಿದ್ದೀರೋ, ಅತ್ತೆ ಮನೆಗೆ ಹೋದಂಗೆ ಹೋಗ್ತಿದ್ದಾರೆ ನೋಡಿ, ಇಂಥವು. ಗೋಡೆಯ ಮೇಲಿಂದ ಒಬ್ಬ ‘ಜಲ್ದಿ, ಲೇಡಿ, ಜಲ್ದಿ’ ಎಂದು ಕೂಗತೊಡಗಿದ. ಉಳಿದವರು ಅದಕ್ಕೆ ಚಪ್ಪಾಳೆ ಕೂಡಿಸಿದರು.

ಸ್ಕೋರು ಸಮವಾಗಿದ್ದಾಗ ನಮ್ಮ ಕ್ಯಾಪ್ಟನ್ ರೈಡಿಗೆ ಹೋದಳು. ಎದುರು ಅಂಕಣದ ಒಳಗೆ ಆಳಕ್ಕೆ ಹೋಗಿ ಒಬ್ಬಳನ್ನು ಮುಟ್ಟಿಯೂ ಬಿಟ್ಟಿದ್ದಳು. ಆಗ ಮೈಕಿನಲ್ಲಿ, “ಮೆಲ್ಲಗೆ ಕಣಮ್ಮ, ಇನ್ನೂ ಮದ್ವೆ ಆಗ್ಬೇಕು” ಎಂಬ ಮಾತು ಬಂತು. ಅವಳ ತಲೆ ಆ ಕಡೆಗೆ ತಿರುಗಿತು. ತಿರುಗಿದ್ದು ಅರೆಗಳಿಗೆ. ಬಾಯಲ್ಲಿದ್ದ ‘ಕಬಡ್ಡಿ’ ನಿಂತಿತು. ಉಸಿರು ಮುರಿದರೆ ಔಟು, ಅದು ಆಟದ ನಿಯಮ. ಅಂಪೈರ್ ಕೈ ಎತ್ತಿದರು. ಅವಳು ತಕರಾರು ಮಾಡದೆ ಹೊರಗೆ ಬಂದು ಕುಳಿತಳು. ನಾವು ಆ ಪಂದ್ಯ ಸೋತೆವು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅವಳ ಪಕ್ಕ ಕುಳಿತಿದ್ದೆ. ಮೈಕಿನವರನ್ನು ನಮ್ಮ ಹುಡುಗಿಯರು ಬೈಯುತ್ತಿದ್ದರು. ಅವಳು ಮಾತ್ರ, ತಪ್ಪು ತನ್ನದೇ, ಯಾರು ಏನಂದರೂ ಬಾಯಿ ನಿಲ್ಲಿಸಬಾರದಿತ್ತು ಎಂದಳು. ಆಮೇಲೆ, ಬೆಳಗ್ಗೆ ಆಡಿದ ಹುಡುಗರಲ್ಲಿ ಯಾರಿಗೆ ಮದುವೆ ಆಗಿದೆ ಯಾರಿಗೆ ಆಗಿಲ್ಲ ಎಂದು ಮೈಕಿನವರು ಯಾಕೆ ಹೇಳಲಿಲ್ಲ ಎಂದು ಕೇಳಿದಳು.

ಸೋಲು ಮರೆತುಹೋಗುತ್ತಿತ್ತೋ ಏನೋ, ಆದರೆ ‘ಲೇಡಿ’ ಕಾಲೇಜಿನಲ್ಲಿ ಉಳಿದುಕೊಂಡಿತು. ವರಾಂಡದಲ್ಲಿ ಹೋಗುವಾಗ, ಏನ್ ಲೇಡಿ ಊಟ ಆಯ್ತಾ ಎನ್ನುವರು. ಲೈಬ್ರರಿಯಲ್ಲಿ, ಲೇಡಿಗೆ ಜಾಗ ಬಿಡ್ರಲೇ ಎನ್ನುವರು. ಕೆಟ್ಟದ್ದನ್ನು ಮನಸ್ಸಿನಲ್ಲಿಟ್ಟು ಅಂದ ಮಾತುಗಳಲ್ಲ. ಕೋಪ ಮಾಡಿಕೊಂಡರೆ ನಮಗೇ ಅವಮಾನ ಎನ್ನುವಂಥವು. ಒಂದು ವಾರ ಕಳೆದ ಮೇಲೆ ಕ್ಯಾಪ್ಟನ್ ಅಭ್ಯಾಸಕ್ಕೆ ಬಂದಾಗ ಅವಳ ಅಂಗಿಯ ಮೇಲೆ ಬರೀ ‘ಟೈಗರ್ಸ್’ ಇತ್ತು. ಹಾಸ್ಟೆಲಿನಲ್ಲಿ ಇಸ್ತ್ರಿಪೆಟ್ಟಿಗೆಯ ಬಿಸಿ ಕೊಟ್ಟು ಆ ಒಂದು ಪದವನ್ನು ಸುಲಿದು ತೆಗೆದಿದ್ದಳು. ಅಕ್ಷರಗಳಿದ್ದ ಕಡೆ ಬಟ್ಟೆ ಸ್ವಲ್ಪ ಗಾಢವಾಗಿ ಉಳಿದಿತ್ತು. ಹತ್ತಿರದಿಂದ ನೋಡಿದರೆ ಓದಬಹುದಿತ್ತು.

ಅಂಕಣದ ಪಕ್ಕದಲ್ಲೇ ಜಗಳ ಶುರುವಾಯಿತು. ಹೊಸ ಅಂಗಿಯನ್ನು ಹಾಳು ಮಾಡಿದಳಲ್ಲ ಎಂದು ನನಗೆ ಮೊದಲು ಅನ್ನಿಸಿತು, ಅಂದೆ ಕೂಡ. ಇನ್ನೊಂದು ಮೂಲೆಯಲ್ಲಿ ಆಡುತ್ತಿದ್ದವಳು ಮಧುಗಿರಿ ಪೇಟೆಯ ವ್ಯಾಪಾರಸ್ಥರ ಮನೆಯ ಹುಡುಗಿ, ಲೆಕ್ಕ ಹಾಕಿ ಮಾತಾಡುವವಳು. ಹೆಸರಿನಿಂದ ಏನು ಸಿಗುತ್ತದೆ, ಕೇಳುವುದಾದರೆ ಸಂಜೆಯ ಹೊತ್ತು ಕೇಳೋಣ, ಮೊದಲು ಕಾಲು ಸುಡುವುದು ನಿಲ್ಲಲಿ ಎಂದಳು. ಕ್ಯಾಪ್ಟನ್ ಎರಡನ್ನೂ ಕೇಳಬಹುದಲ್ಲ ಎಂದಳು. ಹೆಸರಿನಲ್ಲಿ ಮೊದಲೇ ಅರ್ಧ ಕಡಿಮೆ ಬರೆದುಕೊಂಡವರಿಗೆ ಅಂಕಣದಲ್ಲಿ ಪೂರ್ತಿ ಪಾಲು ಯಾರು ಕೊಡುತ್ತಾರೆ ಎಂಬುದು ಅವಳ ವಾದ. ಪೇಟೆಯವಳಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಮಾರನೆಯ ದಿನ ಎಲ್ಲರೂ ಒಟ್ಟಿಗೆ ಪಿ.ಡಿ. ಸರ್ ಹತ್ತಿರ ಹೋದೆವು.

ಸರ್ ಬಾಲ್‌ಗಳನ್ನು ಇಡುವ ಕೋಣೆಯಲ್ಲಿ ಕುಳಿತು ವಾಲಿಬಾಲ್ ನೆಟ್ಟಿನ ಹರಿದ ಕಣ್ಣು ಕಟ್ಟುತ್ತಿದ್ದರು. ನಾವು ಹೇಳಿದ್ದನ್ನೆಲ್ಲ ಕೇಳಿದರು. ಅವರಿಗೆ ಬೇಸರವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಆ ಜೆರ್ಸಿಗಾಗಿ ಅವರು ಎಷ್ಟು ಸಲ ಆ ಅಂಗಡಿಗೆ ಅಲೆದಿದ್ದರೋ. “ನೋಡ್ರಮ್ಮ, ಟೈಗರ್ಸ್ ಅಂತ ಹುಡುಗ್ರಿಗೆ ಮುಂಚಿಂದ ಇದೆ. ಇಬ್ರಿಗೂ ಅದೇ ಆದ್ರೆ ಯಾರು ಯಾರು ಅಂತ ಜನಕ್ಕೆ ಹೆಂಗೆ ಗೊತ್ತಾಗ್ಬೇಕು?” ಎಂದರು.

“ಅವ್ರುದ್ರ ಮೇಲೆ ಜೆಂಟ್ಸ್ ಟೈಗರ್ಸ್ ಅಂತ ಹಾಕ್ಸಿ ಸರ್, ಗೊತ್ತಾಯ್ತದೆ,” ಎಂದಳು ಪೇಟೆಯವಳು. ಹೆಸರಿನಿಂದ ಏನೂ ಸಿಗುವುದಿಲ್ಲ ಎಂದಿದ್ದವಳೇ ಅವಳು.

ಸರ್ ನಗಲಿಲ್ಲ. ಹುಲಿ ಎಂದರೆ ಗಂಡು ಎಂದೇ ಜನ ತಿಳಿಯುತ್ತಾರೆ, ಅದಕ್ಕೆ ಮುಂದೆ ಒಂದು ಪದ ಬೇಕಾಯಿತು ಎಂದು ವಿವರಿಸಲು ನೋಡಿದರು. ಆಗ ಕ್ಯಾಪ್ಟನ್ ಹೇಳಿದಳು: “ಸರ್, ಹುಲಿ ಬಂದ ಅಂತೀರಾ, ಬಂದ್ಳು ಅಂತೀರಾ? ಬಂತು ಅಂತೀರಿ. ನಮ್ ತೆಲುಗಲ್ಲಿ ಇನ್ನೂ ಸಲೀಸು. ಪುಲಿ ವಚ್ಚಿಂದಿ. ಅಮ್ಮಾಯಿ ವಚ್ಚಿಂದಿ. ಹುಲಿ ಬಂದ್ರೂ ಅದೇ, ಹುಡ್ಗಿ ಬಂದ್ರೂ ಅದೇ. ಗಂಡಸ್ರು ಬಂದ್ರೇನೆ ಬೇರೆ, ವಚ್ಚಾಡು.”

ಸರ್ ನೆಟ್ಟನ್ನು ಕೆಳಗಿಟ್ಟು ಅವಳನ್ನು ನೋಡಿದರು. ಅವರ ತಾಯಿಯ ಕಡೆಯವರು ಮಡಕಶಿರಾದವರಂತೆ, ತೆಲುಗು ಬರುತ್ತಿತ್ತು. ಆಮೇಲೆ ನಕ್ಕರು. ನಕ್ಕರೂ ಹೆಸರು ಕೊಡಲಿಲ್ಲ. ಹುಡುಗರನ್ನು ಒಂದು ಮಾತು ಕೇಳಬೇಕು ಎಂದರು.

ಹುಡುಗರ ಕ್ಯಾಪ್ಟನ್ ಮೂರನೆಯ ವರ್ಷದ ವಿದ್ಯಾರ್ಥಿ, ನಮ್ಮ ಜೊತೆ ಯಾವತ್ತೂ ಒರಟಾಗಿ ನಡೆದುಕೊಂಡವನಲ್ಲ. ಆದರೆ ಇದಕ್ಕೆ ಒಪ್ಪಲಿಲ್ಲ. ಹೆಸರು ತಮ್ಮದು, ಹಿಂದಿನವರು ಗೆದ್ದು ಗೆದ್ದು ಉಳಿಸಿದ್ದು, ಇವರೂ ಗೆದ್ದು ತಮ್ಮದೊಂದು ಹೆಸರು ಮಾಡಿಕೊಳ್ಳಲಿ ಎಂದ. ಅವನ ಮಾತಿನಲ್ಲಿ ಅರ್ಥ ಇಲ್ಲದೆ ಇರಲಿಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಆಡಿ ಗೆಲ್ಲುವುದು ಹೇಗೆ ಎಂದು ನಮ್ಮ ಕ್ಯಾಪ್ಟನ್ ಕೇಳಿದ್ದರಲ್ಲೂ ಅರ್ಥವಿತ್ತು. ಕೊನೆಗೆ ಸರ್ ಒಂದು ನಡುದಾರಿ ಹಿಡಿದರು. ಎಲ್ಲಿಗೆ ಹೋದರೂ ನಮ್ಮನ್ನು ಕಾಲೇಜಿನ ಹೆಸರಿನಲ್ಲಷ್ಟೇ ಕಳಿಸುವುದು. ಅಂಗಿಯ ಮೇಲೆ ಏನಿರಬೇಕೆಂದು ನಾವೇ ನೋಡಿಕೊಳ್ಳುವುದು. ವಾರದಲ್ಲಿ ಎರಡು ಸಂಜೆ ಅಂಕಣ ನಮಗೆ ಬಿಡುವುದು. ಸಂಜೆಯ ಮಾತು ಬಂದಾಗ ಪೇಟೆಯವಳು ನನ್ನ ಕೈ ಚಿವುಟಿದಳು. ಅಂದು ಸಂಜೆಯೊಳಗೆ ಎಲ್ಲರ ಅಂಗಿಯಿಂದಲೂ ‘ಲೇಡಿ’ ಹೋಗಿತ್ತು. ನನ್ನದನ್ನು ಕ್ಯಾಪ್ಟನ್ನೇ ಸುಲಿದುಕೊಟ್ಟಳು.

ಮುಂದಿನ ಪಂದ್ಯಗಳು ಪಾವಗಡದಲ್ಲಿ. ಬಯಲು ನೆಲ, ಸಣ್ಣ ಹರಳು ಕಲ್ಲು. ಆಡುವ ಮೊದಲು ನಾವೇ ಬಗ್ಗಿ ಆರಿಸಿ ಹಾಕಿದೆವು. ನಮ್ಮ ಹುಡುಗರ ತಂಡವೂ ಬಂದಿತ್ತು. ಕ್ಯಾಪ್ಟನ್ ಊರಿನಿಂದ ಅವಳ ಅಪ್ಪ, ಚಿಕ್ಕಪ್ಪಂದಿರು, ಒಂದಷ್ಟು ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದು ಗೆರೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕುಳಿತರು. ಅಲ್ಲಿನ ಮೈಕಿನವರು ತೆಲುಗು ಕನ್ನಡ ಬೆರೆಸಿ ಮಾತಾಡುತ್ತಿದ್ದ ವಯಸ್ಸಾದ ಮೇಷ್ಟ್ರು. ನಾವು ಅಂಕಣಕ್ಕೆ ಇಳಿಯುವಾಗ ಅವರು ನಮ್ಮ ಅಂಗಿಗಳನ್ನು ಕಣ್ಣು ಕಿರಿದು ಮಾಡಿ ನೋಡಿ, ಟೈಗರ್ಸ್ ಮೇಲುಗಡೆ ಇನ್ನೇನೋ ಇದ್ದ ಹಾಗಿದೆಯಲ್ಲಮ್ಮ, ಏನದು ಎಂದು ಮೈಕಿನಲ್ಲೇ ಕೇಳಿದರು. ಕ್ಯಾಪ್ಟನ್ ಅವರ ಮೇಜಿನ ತನಕ ನಡೆದುಹೋದಳು. ಏನು ಹೇಳಿದಳೋ ನಮಗೆ ಕೇಳಿಸಲಿಲ್ಲ. ಅವರು ತಲೆಯಾಡಿಸಿದರು. ಆಮೇಲೆ ಮೈಕಿನಲ್ಲಿ, ಮಧುಗಿರಿ ಕಾಲೇಜಿನ ಹುಲಿಗಳು ಎಂದು ಹೇಳಿದರು, ಅಷ್ಟೇ. ಗೆರೆಯ ಆಚೆ ಕುಳಿತಿದ್ದ ನಮ್ಮ ಹುಡುಗರ ಕಡೆ ನಾನು ನೋಡಿದೆ. ಅವರಲ್ಲಿ ಒಬ್ಬಿಬ್ಬರು ತಮ್ಮತಮ್ಮಲ್ಲೇ ಏನೋ ಅಂದುಕೊಂಡರು. ಆಟ ಬಿಸಿಯಾದ ಮೇಲೆ ಅವರ ಕ್ಯಾಪ್ಟನ್ನೇ ಎದ್ದು ನಿಂತು, ಬಲಗಡೆಯವಳ ಕಾಲು ಹಗುರ ಇದೆ, ಅಲ್ಲಿಗೆ ಹೋಗು ಎಂದು ನಮ್ಮವಳಿಗೆ ಕೂಗಿ ಹೇಳುತ್ತಿದ್ದ.

ಆ ದಿನ ನಾವು ಮೂರು ತಂಡಗಳನ್ನು ಸೋಲಿಸಿದೆವು. ಒಂದು ಪಂದ್ಯದ ಕೊನೆಯ ರೈಡಿನಲ್ಲಿ ನಾನು ಹಿಡಿದ ಕಾಲು ಬಿಡಲಿಲ್ಲ. ರೈಡಿಗೆ ಬಂದವಳು ನನ್ನನ್ನು ಗೆರೆಯವರೆಗೆ ಎಳೆದುಕೊಂಡು ಹೋದಳು, ಮೊಣಕೈ ಸುಲಿದು ರಕ್ತ ಬಂತು, ಗೆರೆ ಮುಟ್ಟಲು ಮಾತ್ರ ಆಗಲಿಲ್ಲ. ಫೈನಲ್‌ನಲ್ಲಿ ಸಿರಾದ ಒಂದು ತಂಡಕ್ಕೆ ಸೋತೆವು. ಅವರ ಅಂಗಿಯ ಮೇಲೆ ಹೆಸರೂ ಇರಲಿಲ್ಲ, ಪ್ರಾಣಿಯೂ ಇರಲಿಲ್ಲ, ಬೆನ್ನಿಗೆ ನಂಬರು ಮಾತ್ರ. ನಮಗಿಂತ ಚೆನ್ನಾಗಿ ಆಡಿದರು. ನಮಗೆ ಸಿಕ್ಕಿದ ಎರಡನೆಯ ಬಹುಮಾನದ ಕಪ್ಪನ್ನು ಕ್ಯಾಪ್ಟನ್ ಅಪ್ಪ ಕೈಯಲ್ಲಿ ಹಿಡಿದು, ಅದರೊಳಗೆ ಇಣುಕಿ ನೋಡಿ, ಮಗಳಿಗೆ ವಾಪಸು ಕೊಟ್ಟರು.

ಸಂಜೆಯ ಅಭ್ಯಾಸ ಶುರುವಾಯಿತು. ಇದರಿಂದ ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಸಿಕ್ಕಿದವಳು ನಾನು. ಅಂಕಣ ತಂಪಾಗುವ ಹೊತ್ತಿಗೆ ನನ್ನ ಬಸ್ಸು ಹೊರಡುತ್ತಿತ್ತು. ಅದು ತಪ್ಪಿದರೆ ಕೊರಟಗೆರೆಯಲ್ಲಿ ಕೊಳಾಲದ ಕಡೆಯ ಕೊನೆಯ ಬಸ್ಸೂ ತಪ್ಪುತ್ತಿತ್ತು. ಕೆಲವು ದಿನ ಅಪ್ಪ ಮಿಷನ್ ನಿಲ್ಲಿಸಿ ಕೊರಟಗೆರೆಯವರೆಗೆ ಬೈಕಿನಲ್ಲಿ ಬಂದರು. ಕೆಲವು ದಿನ ಪೇಟೆಯವಳ ಮನೆಯಲ್ಲಿ ಉಳಿದೆ. ಅವಳ ಅಮ್ಮ ಒಳ್ಳೆಯವರೇ, ಆದರೆ ಪದೇ ಪದೇ ಒಬ್ಬರ ಮನೆಯಲ್ಲಿ ಊಟಕ್ಕೆ ಕೂರುವುದು ನನಗೆ ಕಷ್ಟವಾಯಿತು. ರಾಗಿ ಬೀಸಿಸಲು ಜನ ಕಾಯುವ ಹೊತ್ತಿನಲ್ಲಿ ಅಪ್ಪ ಮಿಷನ್ ಬಿಟ್ಟು ಬರುವುದೂ ನಡೆಯುವಂಥದ್ದಲ್ಲ. ಮೂರನೆಯ ವರ್ಷಕ್ಕೆ ನಾನು ಸಂಜೆಗೆ ನಿಲ್ಲುವುದನ್ನು ಬಿಟ್ಟೆ. ಅಭ್ಯಾಸಕ್ಕೆ ಬಾರದವಳು ಏಳು ಜನರಲ್ಲಿ ಇರಲಾಗುವುದಿಲ್ಲ. ನನ್ನ ಮೂಲೆಗೆ ಹಾಸ್ಟೆಲಿನ ಜೂನಿಯರ್ ಒಬ್ಬಳು ಬಂದಳು. ಹೊತ್ತು ಕೇಳಲು ಹೋದವರಲ್ಲಿ ನಾನೂ ಒಬ್ಬಳಾಗಿದ್ದರಿಂದ ಯಾರ ಮೇಲೂ ದೂರು ಹೇಳುವ ಹಾಗಿರಲಿಲ್ಲ. ಬೇಸರ ಇತ್ತು. ಬಸ್ಸಿನ ಕಿಟಕಿಯಿಂದ ಅವರು ಆಡುವುದು ಕಾಣುತ್ತಿತ್ತು.

ನಮ್ಮ ಕ್ಯಾಪ್ಟನ್ ಈಗ ಪೊಲೀಸ್ ಇಲಾಖೆಯಲ್ಲಿದ್ದಾಳೆ. ಹೋದ ವರ್ಷ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಸಮವಸ್ತ್ರದಲ್ಲಿದ್ದಳು. ಒಟ್ಟಿಗೆ ಟೀ ಕುಡಿದೆವು. ಹೆಸರಿನ ಜಗಳ ನೆನಪಿದೆಯಾ ಎಂದು ಕೇಳಿದೆ. ಸ್ವಲ್ಪ ನೆನಪಿದೆ ಎಂದಳು. ಜೆಂಟ್ಸ್ ಟೈಗರ್ಸ್ ಎಂದಿದ್ದು ತಾನೇ ಎಂದು ಅವಳು ನಂಬಿಕೊಂಡಿದ್ದಳು. ನಾನು ತಿದ್ದಲಿಲ್ಲ. ಹೊರಡುವ ಮುಂಚೆ, “ನೀನು ಬರ್ದಂಗಾದ್ ಮೇಲೆ ಎಡ ಮೂಲೆ ಸರಿಹೋಗ್ಲೇ ಇಲ್ಲ ಕಣೇ. ನಿಂಗೊಂದ್ ದಾರಿ ಹುಡುಕ್ಬೇಕಿತ್ತು ನಾವು,” ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.

ನಾನು ಬಿ.ಪಿ.ಎಡ್. ಮುಗಿಸಿ ಹುಲಿಕುಂಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದೇನೆ. ಇಲಾಖೆಯ ಕ್ರೀಡಾಕೂಟಗಳಲ್ಲಿ ‘ಬಾಲಕರ ವಿಭಾಗ’, ‘ಬಾಲಕಿಯರ ವಿಭಾಗ’ ಎಂದು ಬರೆಯುತ್ತಾರೆ. ಇಬ್ಬರಿಗೂ ಗುರುತು ಇದೆ, ಒಬ್ಬರಿಗೆ ಮಾತ್ರವಲ್ಲ. ಇದರಲ್ಲಿ ತಕರಾರು ತೆಗೆಯುವಂಥದ್ದು ನನಗೇನೂ ಕಾಣುವುದಿಲ್ಲ. ಆದರೆ ಮಕ್ಕಳು ಈಗ ಮೊಬೈಲಿನಲ್ಲಿ ಲೀಗ್ ಪಂದ್ಯ ನೋಡುತ್ತಾರೆ, ಅವರಿಗೆ ತಂಡಕ್ಕೊಂದು ಹೆಸರು ಬೇಕು. ಈ ವರ್ಷ ನಮ್ಮ ಹುಡುಗರು ‘ಬುಲ್ಸ್’ ಆದರು. ಹುಡುಗಿಯರು ಬಂದು, ತಮಗೆ ‘ಕ್ವೀನ್ಸ್’ ಬೇಕು, ಬಣ್ಣ ಗುಲಾಬಿ ಎಂದರು.

ನನಗೆ ಅದು ಹಿಡಿಸಲಿಲ್ಲ. ರಾಣಿ ಎಂದರೆ ರಾಜನ ಜೊತೆಗಿರುವವಳು, ಹುಡುಗರ ಹೆಸರಿಗೆ ಯಾರ ಜೊತೆಯೂ ಬೇಕಿಲ್ಲವಲ್ಲ, ಇನ್ನೊಂದು ಸಲ ಯೋಚನೆ ಮಾಡಿ ಎಂದೆ. ಯೋಚನೆ ಮಾಡಿಕೊಂಡು ಬಂದರು. ಅವರಲ್ಲಿ ಚೂಟಿಯಾದ ಒಬ್ಬಳು, “ಮಿಸ್, ರಾಣಿಗೆ ರಾಜ ಇರ್ಲೇಬೇಕು ಅಂತ ಎಲ್ಲೈತೆ? ನಮ್ ಕ್ವೀನ್ಸ್‌ಗೆ ಯಾರೂ ಇಲ್ಲ. ಅವ್ರೇ ಆಳೋದು,” ಎಂದಳು. ಗುಲಾಬಿ ಯಾಕೆ ಎಂದು ಕೇಳಿದೆ. ಚೆನ್ನಾಗಿ ಕಾಣುತ್ತದೆ ಎಂದರು. ನಮ್ಮ ಹೆಸರು, ಬಣ್ಣ ಎರಡನ್ನೂ ಬೇರೆಯವರು ಆರಿಸಿದ್ದರು, ಇವರು ತಾವೇ ಆರಿಸಿಕೊಂಡಿದ್ದಾರೆ. ಇದು ಸಾಕಷ್ಟು ದೊಡ್ಡ ವ್ಯತ್ಯಾಸವೋ ಅಲ್ಲವೋ ನನಗೆ ಇನ್ನೂ ಖಚಿತವಿಲ್ಲ. ಒಪ್ಪಿದೆ. ಒಂದು ಮಾತು ಮಾತ್ರ ಹೇಳಿದೆ, ಮೈಕಿನವರು ಏನಂದರೂ ಉಸಿರು ನಿಲ್ಲಿಸಬೇಡಿ ಎಂದು. ಯಾಕೆಂದು ಅವರು ಕೇಳಲಿಲ್ಲ.

ಅಭ್ಯಾಸವನ್ನು ನಾನು ಬೆಳಗ್ಗೆ ಇಟ್ಟಿದ್ದೇನೆ, ಪ್ರಾರ್ಥನೆಗೆ ಮುಂಚೆ, ಹುಡುಗರಿಗೂ ಹುಡುಗಿಯರಿಗೂ. ಹಳ್ಳಿಗಳ ಮಕ್ಕಳನ್ನು ಕರೆತರುವ ಬಸ್ಸು ಆ ಹೊತ್ತಿಗೆ ಬಂದುಬಿಡುತ್ತದೆ. ಒಂದು ದಿನ ಇವರು ಮೊದಲು, ಒಂದು ದಿನ ಅವರು. ಎರಡನೆಯವರಿಗೆ ಕಾಯುವುದು ಕಷ್ಟ, ದಿನಾ ಗಲಾಟೆ. ಅದಕ್ಕೇ ಹೋದ ವಾರ ಪಕ್ಕದಲ್ಲೇ ಇನ್ನೊಂದು ಅಂಕಣಕ್ಕೆ ನೆಲ ಸಮ ಮಾಡಿಸಲು ಶುರುಮಾಡಿದೆವು. ಒಂದು ಹಳೆಯ ಮರದ ಬೊಡ್ಡೆ ಅಡ್ಡ ಬಂದಿದೆ. ಹುಡುಗರು ಹುಡುಗಿಯರು ಸೇರಿ ಅದರ ಸುತ್ತ ಅಗೆಯುತ್ತಿದ್ದಾರೆ. ಬೇರು ಅಂದುಕೊಂಡದ್ದಕ್ಕಿಂತ ಆಳಕ್ಕೆ ಹೋಗಿದೆ, ಇನ್ನೂ ನಾಲ್ಕೈದು ದಿನ ಹಿಡಿಯಬಹುದು.